ಎದೆನೋವು ಬಂದಾಗ ಕೈಗೆ ಸಿಗುವ ರಿಪೋರ್ಟ್‌ಗಳನ್ನು ಓದುವುದು ಹೇಗೆ? ಇಸಿಜಿಯಿಂದ ಆಂಜಿಯೋಗ್ರಾಂವರೆಗೆ

ಮೊದಲೇ ಒಂದು ಮಾತು. ನಿಮಗೋ ಮನೆಯವರಿಗೋ ಈಗಲೇ ಎದೆ ಒತ್ತಿದ ಹಾಗೆ, ಹಿಂಡಿದ ಹಾಗೆ, ಮೇಲೆ ಕಲ್ಲು ಇಟ್ಟ ಹಾಗೆ ಆಗುತ್ತಿದೆಯಾ? ಜೊತೆಗೆ ಬೆವರು, ವಾಕರಿಕೆ, ಏದುಸಿರು, ಇಲ್ಲವೇ ಕೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು ಇದೆಯಾ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು 108ಕ್ಕೆ ಫೋನ್ ಮಾಡಿ. ರೋಗಿ ಗಾಡಿ ಓಡಿಸಬಾರದು, ಮೆಟ್ಟಿಲು ಹತ್ತಬಾರದು. ಆಸ್ಪಿರಿನ್ ಅಲರ್ಜಿ ಇಲ್ಲದವರಿಗೆ, ಎಲ್ಲೂ ರಕ್ತಸ್ರಾವ ಇಲ್ಲದವರಿಗೆ ಸಾಮಾನ್ಯವಾಗಿ 300ರಿಂದ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಹೇಳುತ್ತಾರೆ. ಅದನ್ನು ಫೋನಿನಲ್ಲೇ ಕೇಳಿಕೊಳ್ಳಿ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟನ್ನು ಮಾತ್ರ ಯಾರೋ ಹೇಳಿದರು ಅಂತ ಇಡಬೇಡಿ, ಬಿಪಿ ದಿಢೀರನೆ ಇಳಿದುಬಿಡಬಹುದು.

ಈ ಬರಹ ಅದರ ನಂತರದ್ದು. ಆಸ್ಪತ್ರೆಗೆ ಹೋಗಿದ್ದೀರಿ, ಕೈಯಲ್ಲಿ ನಾಲ್ಕೈದು ಕಾಗದ ಇವೆ, ಡಾಕ್ಟರ್ ಎರಡು ನಿಮಿಷ ಮಾತಾಡಿ ಮುಂದಿನ ರೋಗಿಯ ಕಡೆ ಹೋದರು. ಈಗ ಆ ಕಾಗದಗಳಲ್ಲಿ ಏನಿದೆ ಅಂತ ತಿಳಿಯಬೇಕು.

ನಾನು ಡಾಕ್ಟರ್ ಅಲ್ಲ. ನಮ್ಮ ಚಿಕ್ಕಪ್ಪನ ಫೈಲ್ ಹಿಡಿದುಕೊಂಡು ಕೆಲವು ವರ್ಷಗಳಿಂದ ಆಸ್ಪತ್ರೆಗೆ ಓಡಾಡುತ್ತಿರುವವನು. ಚಿಕ್ಕಪ್ಪನಿಗೆ ಒಂದು ರಾತ್ರಿ 8 ಗಂಟೆಗೆ ಎದೆ ಹಿಡಿದ ಹಾಗಾಯಿತು. 9 ಗಂಟೆಗೆ ಹತ್ತಿರದ ಕ್ಲಿನಿಕ್‌ನಲ್ಲಿ ಇಸಿಜಿ ತೆಗೆದರು. "ನಾರ್ಮಲ್ ಇದೆ, ಗ್ಯಾಸ್ ಇರಬೇಕು" ಅಂದು ಮಾತ್ರೆ ಕೊಟ್ಟು ಕಳಿಸಿದರು. ನಮಗೆಲ್ಲ ನಿರಾಳವಾಯಿತು. ಚಿಕ್ಕಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಬೆಳಗಿನ ಜಾವ 4ಕ್ಕೆ ಅವರು ಬೆವರಿನಲ್ಲಿ ತೊಯ್ದು ಎದ್ದು ಕುಳಿತಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮತ್ತೆ ಇಸಿಜಿ ತೆಗೆದಾಗ ಗೆರೆಗಳೇ ಬದಲಾಗಿದ್ದವು, ದೊಡ್ಡ ಹಾರ್ಟ್ ಅಟ್ಯಾಕ್. ಬದುಕಿದರು, ಈಗಲೂ ಆರಾಮಾಗಿದ್ದಾರೆ. ಆದರೆ ಆ ಏಳು ಗಂಟೆ ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಮೊದಲ ಇಸಿಜಿ ಸುಳ್ಳು ಹೇಳಿರಲಿಲ್ಲ. ರಾತ್ರಿ 9ಕ್ಕೆ ಹೃದಯ ಹೇಗಿತ್ತು ಅಂತ ಅದು ಹೇಳಿತು, ಅಷ್ಟೇ. 9 ಗಂಟೆಯ ಕಾಗದವನ್ನು ಇಡೀ ರಾತ್ರಿಯ ಉತ್ತರ ಅಂದುಕೊಂಡದ್ದು ನಮ್ಮ ತಪ್ಪು, ಮನೆಗೆ ಕಳಿಸಿದವರ ತಪ್ಪೂ ಹೌದು. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಎರಡು ಪ್ರಶ್ನೆ ಕೇಳುತ್ತಾ ಹೋಗೋಣ. ಈ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ನೋವು ಶುರುವಾದ ಎಷ್ಟು ಹೊತ್ತಿಗೆ ಇದನ್ನು ಮಾಡಿದರು?

ಹೆಜ್ಜೆ 1: ರಿಪೋರ್ಟ್‌ಗಿಂತ ಮೊದಲು ಸಮಯ ಬರೆಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ನೋವು ಶುರುವಾದದ್ದು ಎಷ್ಟು ಗಂಟೆಗೆ, ಆಗ ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು, ಬಿಟ್ಟು ಬಿಟ್ಟು ಬಂತಾ, ನಡೆದಾಗ ಜಾಸ್ತಿಯಾಗಿ ನಿಂತಾಗ ಕಡಿಮೆಯಾಯಿತಾ, ಇವಿಷ್ಟನ್ನು ಬರೆಯಿರಿ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದು, ದಿನಾ ನುಂಗುವ ಮಾತ್ರೆಗಳು, ಇವೂ ಇರಲಿ.

ಡಾಕ್ಟರು ಯಾವ ರಿಪೋರ್ಟನ್ನೂ ಒಂಟಿಯಾಗಿ ಓದುವುದಿಲ್ಲ, ಈ ಚೀಟಿಯ ಪಕ್ಕದಲ್ಲಿಟ್ಟು ಓದುತ್ತಾರೆ. 25 ವರ್ಷದ ಹುಡುಗನ ಇಸಿಜಿಯಲ್ಲಿ ಕಾಣುವ ಸಣ್ಣ ಏರುಪೇರಿಗೂ, 58 ವರ್ಷದ, ಸಕ್ಕರೆ ಕಾಯಿಲೆ ಇರುವ, ನಡೆದರೆ ಎದೆ ಹಿಡಿಯುವವರ ಇಸಿಜಿಯಲ್ಲಿ ಕಾಣುವ ಅದೇ ಏರುಪೇರಿಗೂ ಅರ್ಥ ಬೇರೆ.

ಇನ್ನೊಂದು ವಿಷಯ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎಷ್ಟೋ ಸಲ "ಎದೆನೋವು" ಅನ್ನುವಂಥ ನೋವೇ ಇರುವುದಿಲ್ಲ. ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಕುತ್ತಿಗೆ ಹಿಡಿತ, ಇಷ್ಟರಲ್ಲೇ ಮುಗಿಯಬಹುದು. ಈನೋ ಕುಡಿದ ಮೇಲೆ ತೇಗು ಬಂದು ಹಗುರಾಯಿತು ಅಂದ ಮಾತ್ರಕ್ಕೆ ಅದು ಗ್ಯಾಸೇ ಅಂತ ತೀರ್ಮಾನ ಆಗುವುದಿಲ್ಲ. ಹೃದಯದ ನೋವೂ ತಾನಾಗಿ ಬಂದು ತಾನಾಗಿ ಹೋಗುತ್ತದೆ.

ಹೆಜ್ಜೆ 2: ಇಸಿಜಿ

ಇಸಿಜಿ ಉತ್ತರ ಕೊಡುವ ಪ್ರಶ್ನೆ: ಈ ಕೆಲವು ಸೆಕೆಂಡುಗಳಲ್ಲಿ ಹೃದಯದ ವಿದ್ಯುತ್ ಓಡಾಟ ಹೇಗಿದೆ? ಎದೆನೋವು ಅಂತ ಹೋದವರಿಗೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಿ, ಅದನ್ನು ಡಾಕ್ಟರ್ ನೋಡಿರಬೇಕು. ಇದು ಎಲ್ಲ ಕಡೆ ಒಪ್ಪಿರುವ ನಿಯಮ. ಬಿಲ್ ಕೌಂಟರಿನಲ್ಲಿ ಕಾಯಿಸಿದರೆ ಗಟ್ಟಿಯಾಗಿ ಕೇಳಿ.

ಮೈಮೇಲೆ ಅಂಟಿಸುವುದು 10 ಬಿಲ್ಲೆ, ಕಾಗದದಲ್ಲಿ ಬರುವುದು 12 ಸಾಲು. ಒಂದೇ ಹೃದಯವನ್ನು 12 ಕಡೆಯಿಂದ ನೋಡಿದ ಹಾಗೆ. ಕಾಗದದಲ್ಲಿ ಮೊದಲು ನೋಡಬೇಕಾದದ್ದು ಮೇಲ್ಗಡೆ ಇರುವ ಹೆಸರು, ದಿನ, ಗಂಟೆ. ನಗಬೇಡಿ, ಗಡಿಬಿಡಿಯಲ್ಲಿ ಕಾಗದ ಅದಲು ಬದಲಾಗುತ್ತದೆ. ಯಂತ್ರದ ಗಡಿಯಾರ ತಪ್ಪಿದ್ದರೆ ಪೆನ್ನಿನಲ್ಲಿ ಸರಿಯಾದ ಸಮಯ ಬರೆದುಬಿಡಿ, "ನೋವು ಇದ್ದಾಗ ತೆಗೆದದ್ದು" ಅಥವಾ "ನೋವು ಹೋದ ಮೇಲೆ ತೆಗೆದದ್ದು" ಅಂತಲೂ ಬರೆಯಿರಿ. ಇದು ಯಂತ್ರಕ್ಕೆ ಗೊತ್ತಿರದ ಮಾಹಿತಿ.

ಆಮೇಲೆ ಯಂತ್ರ ಬರೆದ ಅಂಕಿಗಳು. ಹಾರ್ಟ್ ರೇಟ್ ಸುಮ್ಮನೆ ಕುಳಿತಾಗ ನಿಮಿಷಕ್ಕೆ 60ರಿಂದ 100. ಗಾಬರಿಯಾದವರಲ್ಲಿ 110 ಬರುವುದು ಸಾಮಾನ್ಯ, ಅದನ್ನೇ "ಸೈನಸ್ ಟ್ಯಾಕಿಕಾರ್ಡಿಯಾ" ಅಂತ ಬರೆದಿರುತ್ತದೆ. ಪಿಆರ್, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಇಳಿಯುವ ಹೊತ್ತು, 120ರಿಂದ 200 ಮಿಲಿಸೆಕೆಂಡ್. ಕ್ಯೂಆರ್‌ಎಸ್, ಅಂದರೆ ಕೆಳಗಿನ ಕೋಣೆಗಳಲ್ಲಿ ವಿದ್ಯುತ್ ಹರಡುವ ಹೊತ್ತು, 120ಕ್ಕಿಂತ ಕಡಿಮೆ. ಕ್ಯೂಟಿಸಿ, ಅಂದರೆ ಒಂದು ಬಡಿತದ ವಿದ್ಯುತ್ ಓಡಾಟ ಮುಗಿಯಲು ಹಿಡಿಯುವ ಹೊತ್ತು, ಗಂಡಸರಲ್ಲಿ 450, ಹೆಂಗಸರಲ್ಲಿ 460ರೊಳಗೆ. "ಸೈನಸ್ ರಿದಮ್" ಅಂದರೆ ಬಡಿತ ಹುಟ್ಟಬೇಕಾದ ಜಾಗದಿಂದಲೇ ಹುಟ್ಟುತ್ತಿದೆ, ಒಳ್ಳೆಯದು. ಸೈನಸ್ ಅಂತ ಓದಿ ಮೂಗಿನ ತೊಂದರೆ ಅಂದುಕೊಂಡವರನ್ನು ನೋಡಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎದೆನೋವಿನ ಮಟ್ಟಿಗೆ ಮುಖ್ಯವಾದದ್ದು ಎಸ್‌ಟಿ ಅನ್ನುವ ಭಾಗ. ಚೂಪಾದ ಎತ್ತರದ ಗೆರೆ ಇಳಿದ ಮೇಲೆ, ಮುಂದಿನ ಗುಡ್ಡ ಏಳುವ ಮೊದಲು, ಒಂದು ಸಣ್ಣ ಸಮತಟ್ಟು ಜಾಗ ಇರುತ್ತದಲ್ಲ, ಅದು. ಅದು ಅಡಿಗೆರೆಯಿಂದ ಮೇಲೆದ್ದಿದ್ದರೆ "ಎಸ್‌ಟಿ ಎಲಿವೇಷನ್". ಅಕ್ಕಪಕ್ಕದ ಎರಡು ಸಾಲುಗಳಲ್ಲಿ 1 ಮಿಲಿಮೀಟರ್, ಅಂದರೆ ಒಂದು ಸಣ್ಣ ಚೌಕ, ಅದಕ್ಕಿಂತ ಜಾಸ್ತಿ ಎದ್ದಿದ್ದರೆ ರಕ್ತನಾಳ ಪೂರ್ತಿ ಮುಚ್ಚಿಕೊಂಡಿರುವ ಅನುಮಾನ. ವಿ2, ವಿ3 ಸಾಲುಗಳಲ್ಲಿ ಮಾತ್ರ ಅಳತೆ ಸ್ವಲ್ಪ ದೊಡ್ಡದು: 40 ದಾಟಿದ ಗಂಡಸರಿಗೆ 2 ಮಿಲಿಮೀಟರ್, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5. ಯಾವ ಸಾಲು ಅನ್ನುವುದು ಜಾಗ ತೋರಿಸುತ್ತದೆ. ವಿ1ರಿಂದ ವಿ4 ಹೃದಯದ ಮುಂಭಾಗ. ರೋಮನ್ ಅಂಕಿಯ ಎರಡು, ಮೂರು ಮತ್ತು ಎವಿಎಫ್ ಕೆಳಭಾಗ. ಒಂದು, ಎವಿಎಲ್, ವಿ5, ವಿ6 ಪಕ್ಕದ ಭಾಗ.

ಎಸ್‌ಟಿ ಕೆಳಗೆ ಇಳಿದಿದ್ದರೆ "ಡಿಪ್ರೆಷನ್", ಟಿ ಅಲೆ, ಅಂದರೆ ಆ ಮುಂದಿನ ಗುಡ್ಡ, ತಲೆಕೆಳಗಾಗಿದ್ದರೆ "ಟಿ ಇನ್‌ವರ್ಷನ್". ಇವು ರಕ್ತ ಸಾಲುತ್ತಿಲ್ಲ ಅನ್ನುವ ಸೂಚನೆ ಆಗಿರಬಹುದು, ಬೇರೆ ಕಾರಣಕ್ಕೂ ಇರಬಹುದು. ಇಲ್ಲಿ ಹಳೆಯ ಇಸಿಜಿ ಬಂಗಾರದಂಥದ್ದು. ಮೂರು ವರ್ಷದ ಹಿಂದಿನ ಕಾಗದದಲ್ಲೂ ಅದೇ ಗೆರೆ ಇದ್ದರೆ ಡಾಕ್ಟರ್ ನಿಧಾನವಾಗಿ ಯೋಚಿಸುತ್ತಾರೆ. ಇವತ್ತು ಹೊಸದಾಗಿ ಬಂದಿದ್ದರೆ ಬೇರೆಯೇ ಓಟ. ಇಸಿಜಿ ಕಾಗದ ಬಿಸಿಲಿಗೆ, ಬಿಸಿಗೆ ಮಾಸಿಹೋಗುತ್ತದೆ, ಅದಕ್ಕೇ ಅವತ್ತೇ ಫೋನಿನಲ್ಲಿ ಫೋಟೋ ತೆಗೆದಿಡಿ.

ಯಂತ್ರ ತಾನೇ ಬರೆಯುವ ಕೆಲವು ಮಾತು ಜನರ ನಿದ್ದೆ ಕೆಡಿಸುತ್ತವೆ. "ನಾನ್ ಸ್ಪೆಸಿಫಿಕ್ ಎಸ್‌ಟಿ-ಟಿ ಚೇಂಜಸ್" ಅಂದರೆ ಏನೋ ಸ್ವಲ್ಪ ಬೇರೆ ಇದೆ, ಇಂಥದ್ದೇ ಕಾಯಿಲೆ ಅಂತ ಹೇಳಲು ಆಗುವುದಿಲ್ಲ. "ಇನ್‌ಕಂಪ್ಲೀಟ್ ಆರ್‌ಬಿಬಿಬಿ" ಅಂದರೆ ಬಲಗಡೆಯ ವಿದ್ಯುತ್ ದಾರಿಯಲ್ಲಿ ಸ್ವಲ್ಪ ತಡ, ಎಷ್ಟೋ ಆರೋಗ್ಯವಂತರಲ್ಲೂ ಇರುತ್ತದೆ. "ಪೂರ್ ಆರ್ ವೇವ್ ಪ್ರೋಗ್ರೆಷನ್" ಬಿಲ್ಲೆ ಒಂದು ಪಕ್ಕೆಲುಬು ಮೇಲೆ ಅಂಟಿಸಿದರೂ ಬರುತ್ತದೆ. "ಎಲ್‌ವಿಎಚ್" ಹಳೆಯ ಬಿಪಿಯವರಲ್ಲಿ ಸಾಮಾನ್ಯ, ಹೃದಯದ ಗೋಡೆ ದಪ್ಪವಾಗಿರಬಹುದು ಅಂತ. ಆದರೆ "ಎಲ್‌ಬಿಬಿಬಿ" (ಎಡಗಡೆಯ ವಿದ್ಯುತ್ ದಾರಿಯಲ್ಲಿ ತಡೆ) ಅಂತ ಹೊಸದಾಗಿ ಬಂದಿದ್ದು, ಜೊತೆಗೆ ನೋವೂ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಯಂತ್ರದ ಬರಹ ಕೊನೆಯ ಮಾತಲ್ಲ. ಅದರ ಕೆಳಗೆ ಡಾಕ್ಟರ್ ಸಹಿ ಇದೆಯಾ ನೋಡಿ.

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ನೋವು ಇನ್ನೂ ಇದೆ, ಮೊದಲ ಇಸಿಜಿ ನಾರ್ಮಲ್. ಆಗ ಮಾಡಬೇಕಾದದ್ದು 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ ತೆಗೆಯುವುದು, ಮೊದಲ ಒಂದು ಗಂಟೆಯಾದರೂ. ಹೃದಯದ ಹಿಂಭಾಗದ ಅಟ್ಯಾಕ್ ಸಾಮಾನ್ಯ 12 ಸಾಲಿನಲ್ಲಿ ನೇರವಾಗಿ ಕಾಣುವುದಿಲ್ಲ, ಅದಕ್ಕೆ ಬೆನ್ನಿನ ಮೇಲೆ ಬಿಲ್ಲೆ ಅಂಟಿಸಿ ವಿ7, ವಿ8, ವಿ9 ತೆಗೆಯಬೇಕಾಗುತ್ತದೆ. "ಇನ್ನೊಂದು ಸಲ ತೆಗೀತೀರಾ ಡಾಕ್ಟ್ರೇ?" ಅಂತ ಕೇಳಲು ಸಂಕೋಚ ಬೇಡ. ಅವತ್ತು ನಾವು ಕೇಳಲಿಲ್ಲ.

ಎಸ್‌ಟಿ ಎಲಿವೇಷನ್ ಅಂತ ಗೊತ್ತಾದರೆ ಮುಂದೆ ಓದುವುದೇನೂ ಇಲ್ಲ, ಟ್ರೋಪೋನಿನ್ ರಿಪೋರ್ಟಿಗೂ ಕಾಯುವುದಿಲ್ಲ. ಮುಚ್ಚಿದ ನಾಳ ತೆರೆಯಬೇಕು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ, ಅಂದರೆ ಸಣ್ಣ ಬಲೂನು ಹಾಕಿ ನಾಳ ತೆರೆಯುವುದು, ಆಗುವ ಜಾಗ ಸಿಕ್ಕರೆ ಅದು, ಇಲ್ಲವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದು ಇರುವುದೇ ದೂರದ ಊರಿನವರಿಗಾಗಿ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಹೆಜ್ಜೆ 3: ಟ್ರೋಪೋನಿನ್

ಪ್ರಶ್ನೆ: ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯಾ? ಟ್ರೋಪೋನಿನ್ ಅನ್ನುವುದು ಹೃದಯದ ಸ್ನಾಯುವಿನ ಒಳಗಿರುವ ಪ್ರೋಟೀನ್. ಸ್ನಾಯು ಹಾಳಾದರೆ ಅದು ರಕ್ತಕ್ಕೆ ಸೋರುತ್ತದೆ. ಸೋರಿ, ಅಳತೆಗೆ ಸಿಗುವಷ್ಟು ಸೇರಲು ಹೊತ್ತು ಬೇಕು. ಹಳೆಯ ಮಾದರಿಯ ಟೆಸ್ಟಿಗೆ ಹೆಚ್ಚುಕಡಿಮೆ 3ರಿಂದ 6 ಗಂಟೆ. ಹೊಸ "ಹೈ ಸೆನ್ಸಿಟಿವಿಟಿ" ಟೆಸ್ಟಿನಲ್ಲಿ ಇನ್ನೂ ಬೇಗ ಕಾಣಿಸುತ್ತದೆ. ನೋವು ಬಂದ ಅರ್ಧ ಗಂಟೆಗೇ ರಕ್ತ ಕೊಟ್ಟು "ಟ್ರೋಪೋನಿನ್ ನೆಗೆಟಿವ್" ಅಂತ ಬಂದರೆ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಅದಕ್ಕೇ ಎರಡನೇ ಸಲ ರಕ್ತ ತೆಗೆಯುವುದು. ಹೊಸ ಟೆಸ್ಟಾದರೆ 1, 2 ಅಥವಾ 3 ಗಂಟೆಗೆ, ಹಳೆಯದಾದರೆ 6 ಗಂಟೆಗೆ. ದುಡ್ಡು ಕೀಳಲು ಎರಡೆರಡು ಸಲ ಮಾಡಿಸುತ್ತಿದ್ದಾರೆ ಅಂತ ಬಹಳ ಜನ ಬೇಡ ಅನ್ನುತ್ತಾರೆ. ದಯವಿಟ್ಟು ಇದೊಂದಕ್ಕೆ ಬೇಡ ಅನ್ನಬೇಡಿ.

ರಿಪೋರ್ಟ್ ಓದುವಾಗ ನಾಲ್ಕು ಕಡೆ ಕಣ್ಣಿಡಿ. ಟ್ರೋಪೋನಿನ್ ಐ ಅಥವಾ ಟಿ, ಯಾವುದು? ಅಳತೆ ಏನು? ಪಕ್ಕದಲ್ಲಿ ಆ ಲ್ಯಾಬ್ ಕೊಟ್ಟಿರುವ ಮಿತಿ ಎಷ್ಟು? ರಕ್ತ ತೆಗೆದ ಗಂಟೆ ಯಾವುದು? ಅಳತೆಯಲ್ಲೇ ಬಹಳ ಜನ ಎಡವುತ್ತಾರೆ. ಒಂದು ಲ್ಯಾಬ್ ಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ ಬರೆಯುತ್ತದೆ, ಇನ್ನೊಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ. ಇವೆರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಮಿಲಿಲೀಟರಿಗೆ 0.014 ಅಂದರೂ ಲೀಟರಿಗೆ 14 ಅಂದರೂ ಒಂದೇ. ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿಗೆ ಸಾಮಾನ್ಯವಾಗಿ ಹೇಳುವ ಮಿತಿ ಲೀಟರಿಗೆ 14 ನ್ಯಾನೋಗ್ರಾಂ. ಟ್ರೋಪೋನಿನ್ ಐಗೆ ಕಂಪನಿಯಿಂದ ಕಂಪನಿಗೆ ಮಿತಿ ಬೇರೆ. ಹಾಗಾಗಿ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಎರಡೂ ಸಲ ಒಂದೇ ಲ್ಯಾಬಿನಲ್ಲಿ ಆಗಲಿ.

ಒಂದು ಅಂಕಿಗಿಂತ ಅದು ಏರುತ್ತಿದೆಯಾ ಅನ್ನುವುದು ಮುಖ್ಯ. ಉದಾಹರಣೆಗೆ ಟ್ರೋಪೋನಿನ್ ಟಿ ಮೊದಲು 9 ಇತ್ತು, ಮೂರು ಗಂಟೆ ಬಿಟ್ಟು 48 ಬಂತು ಅನ್ನಿ. ಮೊದಲನೆಯದು ಮಿತಿಯ ಒಳಗೇ ಇದ್ದರೂ ಇದು ಹೃದಯಕ್ಕೆ ಈಗ ಪೆಟ್ಟು ಬೀಳುತ್ತಿರುವ ಲಕ್ಷಣ. ಇನ್ನೊಬ್ಬರಿಗೆ ಮೊದಲು 32, ಆಮೇಲೆ 33. ಮಿತಿ ದಾಟಿದೆ, ಆದರೆ ಅಲ್ಲೇ ನಿಂತಿದೆ. ಕಿಡ್ನಿ ತೊಂದರೆ ಇರುವವರಲ್ಲಿ, ಹಳೆಯ ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಹೀಗೆ ಸದಾ ಸ್ವಲ್ಪ ಮೇಲೇ ಇರಬಹುದು. ಜೋರು ಸೋಂಕು, ಹೃದಯದ ಸ್ನಾಯುವಿನ ಉರಿಯೂತ, ಶ್ವಾಸಕೋಶದ ನಾಳದಲ್ಲಿ ಹೆಪ್ಪು, ಬಹಳ ಹೊತ್ತು ವೇಗವಾಗಿ ಬಡಿದ ಹೃದಯ, ಇವುಗಳಲ್ಲೂ ಏರುತ್ತದೆ. ಟ್ರೋಪೋನಿನ್ ಪೆಟ್ಟು ಬಿದ್ದಿದೆ ಅನ್ನುತ್ತದೆ, ಯಾರು ಹೊಡೆದರು ಅಂತ ಹೇಳುವುದಿಲ್ಲ.

ಇದರಲ್ಲಿ ಒಂದು ಅನುಕೂಲವೂ ಇದೆ. ಅಟ್ಯಾಕ್ ಆದ ಮೇಲೆ ಇದು ವಾರದ ಮೇಲೂ, ಕೆಲವರಲ್ಲಿ ಎರಡು ವಾರದವರೆಗೂ ಮೇಲೇ ಇರುತ್ತದೆ. "ನಾಲ್ಕು ದಿನದ ಹಿಂದೆ ನೋವು ಬಂದಿತ್ತು, ಈಗ ಇಲ್ಲ" ಅನ್ನುವವರಲ್ಲೂ ಸಿಕ್ಕಿಬೀಳುತ್ತದೆ. ಸಿಕೆ-ಎಂಬಿ ಅನ್ನುವ ಹಳೆಯ ಟೆಸ್ಟ್ ಎರಡು ಮೂರು ದಿನಕ್ಕೆ ಇಳಿದುಬಿಡುತ್ತದೆ, ಈಗ ಅದರ ಬಳಕೆ ಕಡಿಮೆ.

ಹೆಜ್ಜೆ 4: ಎಕೋ

ಪ್ರಶ್ನೆ: ಹೃದಯ ಅನ್ನುವ ಪಂಪು ಹೇಗೆ ಕುಗ್ಗಿ ಹಿಗ್ಗುತ್ತಿದೆ, ಕವಾಟಗಳು ಹೇಗಿವೆ? ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಎಕೋದಲ್ಲಿ ಬ್ಲಾಕ್ ಕಾಣುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ಎಕೋ ನಾರ್ಮಲ್, ಅಂದ್ರೆ ಬ್ಲಾಕ್ ಇಲ್ಲ" ಅನ್ನುವ ಮಾತನ್ನು ವಾರ್ಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ಹುಡುಕಬೇಕಾದ ಪದ "ಆರ್‌ಡಬ್ಲ್ಯುಎಂಎ". "ನೋ ಆರ್‌ಡಬ್ಲ್ಯುಎಂಎ" ಅಂತಿದ್ದರೆ ಗೋಡೆಯ ಎಲ್ಲ ಭಾಗ ಸರಿಯಾಗಿ ಕುಗ್ಗುತ್ತಿದೆ. ಯಾವುದೋ ಭಾಗ "ಹೈಪೋಕೈನೆಟಿಕ್" ಅಂದರೆ ಮಂದವಾಗಿದೆ, "ಎಕೈನೆಟಿಕ್" ಅಂದರೆ ಅಲುಗುತ್ತಲೇ ಇಲ್ಲ. ಆ ಭಾಗಕ್ಕೆ ರಕ್ತ ಕೊಡುವ ನಾಳದ ಮೇಲೆ ಆಗ ಅನುಮಾನ.

ಎರಡನೆಯದು ಇಎಫ್. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ. ಇದು ಪರೀಕ್ಷೆಯ ಅಂಕ ಅಲ್ಲ. ಇಎಫ್ 60 ಅಂದರೆ ಹೃದಯ 60 ಪರ್ಸೆಂಟ್ ಮಾತ್ರ ಕೆಲಸ ಮಾಡುತ್ತಿದೆ ಅಂತಲ್ಲ, 60 ಪೂರ್ತಿ ನಾರ್ಮಲ್. ಗಂಡಸರಲ್ಲಿ 52ರಿಂದ 72, ಹೆಂಗಸರಲ್ಲಿ 54ರಿಂದ 74 ಸಹಜ. ಯಾರಿಗೂ 100 ಬರುವುದಿಲ್ಲ. 41ರಿಂದ 49 ಸ್ವಲ್ಪ ಕಡಿಮೆ, 40 ಮತ್ತು ಅದಕ್ಕಿಂತ ಕೆಳಗೆ ಚಿಕಿತ್ಸೆ ಚೆನ್ನಾಗಿ ಬೇಕೇ ಬೇಕು. ಕಣ್ಣಂದಾಜು ಇರುವುದರಿಂದ ಇಬ್ಬರು ನೋಡಿದರೆ ನಾಲ್ಕೈದು ಅಂಕ ಆಚೀಚೆ ಆಗುತ್ತದೆ. 55 ಇದ್ದದ್ದು 52 ಆಯಿತು ಅಂತ ಅಳಬೇಡಿ. ಚಿಕ್ಕಪ್ಪನಿಗೆ ಅಟ್ಯಾಕ್ ಆದಾಗ 38 ಇತ್ತು, ಮೂರು ತಿಂಗಳ ಮಾತ್ರೆಯ ನಂತರ 47 ಆಯಿತು. ಪೆಟ್ಟು ತಿಂದ ಹೃದಯ ಚೇತರಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ.

"ಟ್ರಿವಿಯಲ್ ಎಂಆರ್, ಟಿಆರ್" ಅಂತ ಬರೆದಿದ್ದರೆ ಕವಾಟದಲ್ಲಿ ಚೂರೇ ಚೂರು ಸೋರಿಕೆ, ಆರೋಗ್ಯವಂತರಲ್ಲೂ ಇರುತ್ತದೆ. "ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್" ಅಂದರೆ ಹೃದಯ ಹಿಗ್ಗುವುದು ಸ್ವಲ್ಪ ನಿಧಾನ, ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಬಹಳ ಸಾಮಾನ್ಯ.

ಹೆಜ್ಜೆ 5: ಅಟ್ಯಾಕ್ ಅಲ್ಲ ಅಂತಾದ ಮೇಲೆ ಟಿಎಂಟಿ

ಟಿಎಂಟಿ ಅಂದರೆ ಓಡುವ ಪಟ್ಟಿಯ (ಟ್ರೆಡ್‌ಮಿಲ್) ಮೇಲೆ ನಡೆಸುತ್ತಾ ಇಸಿಜಿ ನೋಡುವ ಟೆಸ್ಟ್. ಪ್ರಶ್ನೆ: ಶ್ರಮ ಪಟ್ಟಾಗ ಹೃದಯಕ್ಕೆ ರಕ್ತ ಸಾಲುತ್ತದಾ? ನೋವು ಇರುವಾಗ, ಟ್ರೋಪೋನಿನ್ ಏರಿರುವಾಗ ಟಿಎಂಟಿ ಓಡಿಸಬಾರದು, ಅಪಾಯ.

ರಿಪೋರ್ಟಿನ ಮೇಲೆ "ಬ್ರೂಸ್ ಪ್ರೋಟೋಕಾಲ್" ಅಂತ ಇರುತ್ತದಲ್ಲ, ರಾಬರ್ಟ್ ಬ್ರೂಸ್ ಅನ್ನುವ ಅಮೆರಿಕದ ಹೃದ್ರೋಗ ವೈದ್ಯರು ಮಾಡಿದ ಕ್ರಮ ಅದು. ಮೂರು ಮೂರು ನಿಮಿಷಕ್ಕೆ ಪಟ್ಟಿಯ ವೇಗವೂ ಏರೂ ಜಾಸ್ತಿಯಾಗುತ್ತಾ ಹೋಗುತ್ತದೆ. 220ರಲ್ಲಿ ನಿಮ್ಮ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು, ಅದರ ಶೇ. 85 ಮುಟ್ಟಬೇಕು. 50 ವರ್ಷದವರಿಗೆ 170, ಅದರ 85 ಭಾಗ ಸುಮಾರು 145. ಅಷ್ಟು ಮುಟ್ಟುವ ಮೊದಲೇ ಕಾಲುನೋವು ಅಂತ ನಿಲ್ಲಿಸಿದ್ದರೆ "ಇನ್‌ಕನ್‌ಕ್ಲೂಸಿವ್" ಅನ್ನುತ್ತಾರೆ, ಅಂದರೆ ಪಾಸೂ ಅಲ್ಲ ಫೇಲೂ ಅಲ್ಲ. ಮೆಟೊಪ್ರೊಲಾಲ್‌ನಂಥ ಬಡಿತ ತಗ್ಗಿಸುವ ಮಾತ್ರೆ ತಿನ್ನುವವರಿಗೂ ಹೀಗಾಗುತ್ತದೆ. ಅದನ್ನು ಮುಂದುವರಿಸಬೇಕಾ, ಒಂದೆರಡು ದಿನ ನಿಲ್ಲಿಸಬೇಕಾ ಅಂತ ಡಾಕ್ಟರನ್ನೇ ಕೇಳಿ, ನೀವೇ ನಿಲ್ಲಿಸಬೇಡಿ.

"ನೆಗೆಟಿವ್" ಅಂದರೆ ಒಳ್ಳೆಯ ಸುದ್ದಿ, "ಪಾಸಿಟಿವ್" ಅಂದರೆ ಅನುಮಾನ. "ಮೆಟ್ಸ್", ಅಂದರೆ ದೇಹ ಎಷ್ಟು ಶ್ರಮ ತಡೆದುಕೊಂಡಿತು ಅನ್ನುವ ಅಂಕಿಯನ್ನು ಯಾರೂ ನೋಡುವುದಿಲ್ಲ, ನೋಡಬೇಕು. 10 ದಾಟಿದ್ದರೆ ನಿಮ್ಮ ಕಸುವು ಚೆನ್ನಾಗಿದೆ. 5ಕ್ಕಿಂತ ಮೊದಲೇ ಎದೆನೋವು ಬಂದು ಎಸ್‌ಟಿ ಇಳಿದರೆ ಗಂಭೀರ. ಈ ಟೆಸ್ಟ್ ತಪ್ಪುವುದೂ ಉಂಟು. ಹೆಂಗಸರಲ್ಲಿ ಸುಳ್ಳು ಪಾಸಿಟಿವ್ ಜಾಸ್ತಿ. ಇಸಿಜಿಯಲ್ಲಿ ಮೊದಲೇ ಎಲ್‌ಬಿಬಿಬಿ ಇದ್ದವರಲ್ಲಿ ಇದನ್ನು ಓದಲೇ ಆಗುವುದಿಲ್ಲ. ಆಗ ಸ್ಟ್ರೆಸ್ ಎಕೋ, ಥಾಲಿಯಂ ಸ್ಕ್ಯಾನ್ ಇಲ್ಲವೇ ಸಿಟಿ ಕಡೆ ಹೋಗುತ್ತಾರೆ.

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಯಾವ ನೋವೂ ಇಲ್ಲದವರು ತೆಗೆಸಿದ ಒಂದು ನಾರ್ಮಲ್ ಇಸಿಜಿ ಮುಂದಿನ ವರ್ಷಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಅವರಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುವುದು ಇಸಿಜಿಗಿಂತ ಜಾಸ್ತಿ ಉಪಯೋಗ. ನಡೆದರೆ ಎದೆ ಹಿಡಿಯುವವರ ಮಾತು ಬೇರೆ, ಅವರಿಗೆ ಈ ಟೆಸ್ಟ್‌ಗಳೆಲ್ಲ ಬೇಕು.

ಹೆಜ್ಜೆ 6: ಸಿಟಿ

ಇದರಲ್ಲಿ ಎರಡು ಬಗೆ. ಕ್ಯಾಲ್ಸಿಯಂ ಸ್ಕೋರ್ ಅಂದರೆ ನಾಳದ ಗೋಡೆಯಲ್ಲಿ ಗಟ್ಟಿಯಾದ ಸುಣ್ಣ ಎಷ್ಟಿದೆ ಅನ್ನುವುದು. 0 ಒಳ್ಳೆಯದು, 100 ದಾಟಿದರೆ ಎಚ್ಚರ, 400 ದಾಟಿದರೆ ಬಹಳ ಜಾಸ್ತಿ. ಆದರೆ ಚಿಕ್ಕ ವಯಸ್ಸಿನವರಲ್ಲಿ ಸುಣ್ಣ ಕಟ್ಟದ ಮೆತ್ತನೆಯ ಕೊಬ್ಬು ಇರಬಹುದು, ಸೊನ್ನೆ ಬಂತು ಅಂತ ಅವರ ಎದೆನೋವನ್ನು ತಳ್ಳಿಹಾಕುವಂತಿಲ್ಲ.

ಸಿಟಿ ಆಂಜಿಯೋಗ್ರಾಂ ನಾಳದ ಒಳಜಾಗವನ್ನೇ ತೋರಿಸುತ್ತದೆ. ರಿಪೋರ್ಟಿನ ಕೊನೆಗೆ "ಕ್ಯಾಡ್ ರ್‍ಯಾಡ್ಸ್" ಅಂತ 0ಯಿಂದ 5ರವರೆಗೆ ಅಂಕಿ ಇರಬಹುದು. 0 ಅಂದರೆ ಏನೂ ಇಲ್ಲ, 1 ಮತ್ತು 2 ಅಂದರೆ ನಾಳ ಶೇ. 50ಕ್ಕಿಂತ ಕಡಿಮೆ ಕಿರಿದಾಗಿದೆ, 3 ಅಂದರೆ 50ರಿಂದ 69, 4 ಅಂದರೆ 70ರ ಮೇಲೆ ಇಲ್ಲವೇ ಎಡ ಮುಖ್ಯ ನಾಳದಲ್ಲಿ 50 ಮುಟ್ಟಿದೆ, 5 ಅಂದರೆ ಪೂರ್ತಿ ಬಂದ್. ಇದಕ್ಕೆ ಬಣ್ಣದ ದ್ರವ ಹಾಕುತ್ತಾರೆ, ಅದಕ್ಕೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅನ್ನುವ ರಕ್ತದ ಟೆಸ್ಟ್) ನೋಡಿರಬೇಕು.

ಹೆಜ್ಜೆ 7: ಆಂಜಿಯೋಗ್ರಾಂ

ಕೈ ಮಣಿಕಟ್ಟಿನಿಂದಲೋ ತೊಡೆಸಂದಿಯಿಂದಲೋ ಸಣ್ಣ ಕೊಳವೆ ಹಾಕಿ ನಾಳಗಳ ಚಿತ್ರ ತೆಗೆಯುವುದು. ಎಡಗಡೆ ಒಂದು ಮುಖ್ಯ ನಾಳ, "ಎಲ್‌ಎಂಸಿಎ". ಅದು ಕವಲೊಡೆದು ಮುಂದೆ ಇಳಿಯುವ "ಎಲ್‌ಎಡಿ", ಪಕ್ಕಕ್ಕೆ ಸುತ್ತುವ "ಎಲ್‌ಸಿಎಕ್ಸ್" ಆಗುತ್ತದೆ. ಬಲಗಡೆ "ಆರ್‌ಸಿಎ". "ಮಿಡ್ ಎಲ್‌ಎಡಿ 80%" ಅಂದರೆ ಎಲ್‌ಎಡಿಯ ನಡುಭಾಗದಲ್ಲಿ ನಾಳದ ಅಗಲ ನೂರರಲ್ಲಿ ಎಂಬತ್ತು ಭಾಗ ಕಿರಿದಾಗಿದೆ. "ಎಸ್‌ವಿಡಿ, ಡಿವಿಡಿ, ಟಿವಿಡಿ" ಅಂದರೆ ಒಂದು, ಎರಡು, ಮೂರು ನಾಳದ ತೊಂದರೆ. "ರೀಕ್ಯಾನಲೈಸ್ಡ್" ಅಂದರೆ ಮುಚ್ಚಿದ್ದ ನಾಳ ಇಂಜೆಕ್ಷನ್ನಿಂದಲೋ ತಾನಾಗಿಯೋ ತೆರೆದುಕೊಂಡಿದೆ. "ಟಿಮಿ 3 ಫ್ಲೋ" ಅಂದರೆ ರಕ್ತ ಸರಾಗವಾಗಿ ಹರಿಯುತ್ತಿದೆ, 0 ಅಂದರೆ ಹರಿವೇ ಇಲ್ಲ.

ಸಾಮಾನ್ಯವಾಗಿ ಶೇ. 70 ದಾಟಿದ್ದನ್ನು ಮುಖ್ಯವಾದ ಬ್ಲಾಕ್ ಅನ್ನುತ್ತಾರೆ. ಎಲ್‌ಎಂಸಿಎಗೆ ಮಾತ್ರ 50 ಸಾಕು. ನಡುವಿನದಕ್ಕೆ, ಅಂದರೆ 50-70ರ ಬ್ಲಾಕಿಗೆ, ಎಫ್‌ಎಫ್‌ಆರ್ ಅನ್ನುವ ಒತ್ತಡದ ಅಳತೆ ಇದೆ. ಅದು 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ನಿಜವಾಗಿ ರಕ್ತ ತಡೆಯುತ್ತಿದೆ ಅಂತ.

ಇಲ್ಲಿ ಮನೆಯವರ ಮೇಲೆ ದೊಡ್ಡ ಒತ್ತಡ ಬರುತ್ತದೆ. ರೋಗಿ ಇನ್ನೂ ಮೇಜಿನ ಮೇಲಿದ್ದಾರೆ, ಡಾಕ್ಟರ್ ಹೊರಗೆ ಬಂದು "ಸ್ಟೆಂಟ್ ಹಾಕಬೇಕು, ಸಹಿ ಮಾಡಿ" ಅನ್ನುತ್ತಾರೆ. ಸ್ಟೆಂಟ್ ಅಂದರೆ ನಾಳವನ್ನು ತೆರೆದಿಡುವ ಸಣ್ಣ ಬಲೆಯ ಕೊಳವೆ. ನೋಡಿ, ಹಾರ್ಟ್ ಅಟ್ಯಾಕ್ ಈಗ ನಡೆಯುತ್ತಿದ್ದರೆ ತಡ ಮಾಡಬೇಡಿ, ಸಹಿ ಹಾಕಿ, ಆ ಸ್ಟೆಂಟ್ ಜೀವ ಉಳಿಸುತ್ತದೆ. ಆದರೆ ಅಟ್ಯಾಕ್ ಇಲ್ಲ, ತಿಂಗಳಿಂದ ನಡೆದಾಗ ಮಾತ್ರ ಸ್ವಲ್ಪ ನೋವು, ಟಿಎಂಟಿ ಪಾಸಿಟಿವ್ ಅಂತ ಆಂಜಿಯೋಗ್ರಾಂ ಮಾಡಿಸಿದ್ದರೆ, ಕೇಳಲು ನಿಮಗೆ ಹೊತ್ತು ಇದೆ. 2019ರಲ್ಲಿ ಫಲಿತಾಂಶ ಹೊರಬಂದ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದಲ್ಲಿ, 5,000ಕ್ಕೂ ಹೆಚ್ಚು ಇಂಥ ಸ್ಥಿರ ರೋಗಿಗಳಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಮಾತ್ರೆಯಿಂದ ಶುರು ಮಾಡಿದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಕಡಿಮೆಯಾಗುವುದರಲ್ಲಿ ಮಾತ್ರ ಸ್ಟೆಂಟಿನವರಿಗೆ ಅನುಕೂಲವಾಯಿತು. ಎಲ್‌ಎಂಸಿಎ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ದಾರಿ ಬೇರೆ. ಆಂಜಿಯೋಗ್ರಾಂ ಸಿಡಿ ಕೇಳಿ ಪಡೆಯಿರಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಬರೀ ಕಾಗದ ಸಾಲುವುದಿಲ್ಲ.

ಹೆಜ್ಜೆ 8: ಪಕ್ಕದಲ್ಲಿರುವ ಸಣ್ಣ ರಿಪೋರ್ಟ್‌ಗಳು

ಹಿಮೋಗ್ಲೋಬಿನ್ ಬಹಳ ಕಡಿಮೆ ಇದ್ದರೆ ಅದರಿಂದಲೇ ನಡೆದಾಗ ಎದೆ ಹಿಡಿಯಬಹುದು. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ, 6.5 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಹೊಸ್ತಿಲಲ್ಲಿ ನಿಂತ ಹಾಗೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಪಕ್ಕದಲ್ಲಿ ಲ್ಯಾಬ್ ಬರೆದ "100ರೊಳಗೆ" ಅನ್ನುವುದು ಎಲ್ಲರಿಗೂ ಹೇಳುವ ಮಾತು. ಒಮ್ಮೆ ಅಟ್ಯಾಕ್ ಆದವರಿಗೆ 70ಕ್ಕಿಂತ, ಈಗ ಹಲವರು 55ಕ್ಕಿಂತ ಕೆಳಗೆ ತರಬೇಕು ಅನ್ನುತ್ತಾರೆ. 95 ಇದೆ, ಕೆಂಪು ಗುರುತು ಇಲ್ಲ ಅಂತ ಮಾತ್ರೆ ಬಿಟ್ಟವರಿದ್ದಾರೆ, ಹಾಗೆ ಮಾಡಬೇಡಿ.

ಹೆಜ್ಜೆ 9: ಎಲ್ಲ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ಇದು ತುಂಬಾ ಜನರ ಸ್ಥಿತಿ. ನೋವು ಸುಳ್ಳಲ್ಲ, ಕಾರಣ ಬೇರೆ ಕಡೆ ಇರಬಹುದು. ಹೊಟ್ಟೆಯ ಆಮ್ಲ ಮೇಲೆ ಬರುವುದು, ಪಕ್ಕೆಲುಬಿನ ಸಂದಿಯ ಉರಿಯೂತ, ಗಾಬರಿಯ ಕಾಯಿಲೆ, ಗುಳ್ಳೆ ಏಳುವ ಮೊದಲಿನ ಸರ್ಪಸುತ್ತು, ಇವೆಲ್ಲ ಎದೆ ನೋಯಿಸುತ್ತವೆ. ದೊಡ್ಡ ನಾಳ ಚೆನ್ನಾಗಿದ್ದು ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ ತೊಂದರೆ ಇರುವುದೂ ಉಂಟು, ಹೆಂಗಸರಲ್ಲಿ ಇದು ಜಾಸ್ತಿ ಕಾಣುತ್ತದೆ. ಬೆಳಗಿನ ಜಾವ ನಾಳ ಸೆಳೆತಕ್ಕೆ ಸಿಕ್ಕಿ ನೋವು ಬಂದು ಹೋಗುವುದೂ ಇದೆ. "ಆಂಜಿಯೋ ನಾರ್ಮಲ್, ಮನೆಗೆ ಹೋಗಿ" ಅಂದರೆ "ಹಾಗಾದ್ರೆ ಈ ನೋವು ಯಾವುದು?" ಅಂತ ಕೇಳಲೇಬೇಕು.

ಎರಡನ್ನು ಮಾತ್ರ ತಡ ಮಾಡಬಾರದು. ದಿಢೀರನೆ ಹರಿದ ಹಾಗೆ ಬೆನ್ನಿಗೆ ಹಾಯುವ ವಿಪರೀತ ನೋವು, ಅದು ಮಹಾಅಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ನಾಳ, ಸೀಳಿದ್ದಿರಬಹುದು. ಆಪರೇಷನ್ ಆಗಿ ಮಲಗಿದ್ದವರಿಗೆ, ಕಾಲು ಊದಿದವರಿಗೆ ಇದ್ದಕ್ಕಿದ್ದ ಹಾಗೆ ಏದುಸಿರು ಮತ್ತು ನೋವು, ಅದು ಶ್ವಾಸಕೋಶದ ಹೆಪ್ಪು ಇರಬಹುದು. ಇವೆರಡಕ್ಕೂ ಇಸಿಜಿ ನಾರ್ಮಲ್ ಬಂದರೂ ಬರಬಹುದು, ಸಿಟಿ ಬೇಕು.

ಹೆಜ್ಜೆ 10: ಫೈಲ್

ಡಾಕ್ಟರ್ ಮುಂದೆ ಕುಳಿತಾಗ ಮೂರೇ ಪ್ರಶ್ನೆ ಕೇಳಿ. ಈ ಟೆಸ್ಟಿನಿಂದ ಯಾವ ಕಾಯಿಲೆ ಇಲ್ಲ ಅಂತ ಖಚಿತವಾಯಿತು? ಯಾವುದು ಇನ್ನೂ ಖಚಿತವಾಗಿಲ್ಲ? ಮನೆಗೆ ಹೋದ ಮೇಲೆ ಏನಾದರೆ ತಕ್ಷಣ ವಾಪಸ್ ಬರಬೇಕು? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ಕಾಗದಗಳನ್ನು ಟೆಸ್ಟಿನ ಹೆಸರಿನ ಪ್ರಕಾರ ಅಲ್ಲ, ದಿನ ಮತ್ತು ಗಂಟೆಯ ಪ್ರಕಾರ ಜೋಡಿಸಿ. ಚಿಕ್ಕಪ್ಪನ ಫೈಲಿನ ಮೊದಲ ಪುಟ ನನ್ನ ಕೈಬರಹದಲ್ಲಿದೆ. ರಾತ್ರಿ 8, ನೋವು ಶುರು. 9, ಇಸಿಜಿ, ನಾರ್ಮಲ್. ಬೆಳಗಿನ ಜಾವ 4, ನೋವು ಜೋರು, ಬೆವರು. 4.40, ಎರಡನೇ ಇಸಿಜಿ, ವಿ1ರಿಂದ ವಿ4ರಲ್ಲಿ ಎಸ್‌ಟಿ ಮೇಲೆ. 5.05, ಇಂಜೆಕ್ಷನ್. ಈಗಲೂ ಯಾವ ಹೊಸ ಡಾಕ್ಟರ್ ಹತ್ತಿರ ಹೋದರೂ ಅವರು ಉಳಿದ ಕಾಗದಗಳಿಗಿಂತ ಮೊದಲು ಆ ಪುಟವನ್ನೇ ಓದುತ್ತಾರೆ.